ತಾಯಿಯಿಲ್ಲದೆ ಬೆಳೆದ ಬೆಕ್ಕಿನ ಮರಿಗೆ ಬೇಟೆ ಕಲಿಸಿದವರು ಯಾರು?

ನಿಮ್ಮ ಪ್ರಶ್ನೆಯಲ್ಲಿ ಎರಡು ಭಾಗಗಳಿವೆ. ಕಣ್ಣು ಬಿಡುವ ಮೊದಲೇ ತಾಯಿಯನ್ನು ಕಳೆದುಕೊಂಡು ನಿಮ್ಮ ಮನೆಯಲ್ಲಿ ಬೆಳೆದ ಬೆಕ್ಕಿನ ಮರಿ ಈಗ ಹೊಂಚು ಹಾಕಿ ಹಲ್ಲಿ ಹಿಡಿಯುತ್ತಿದೆ, ಇದನ್ನು ಅದಕ್ಕೆ ಹೇಳಿಕೊಟ್ಟವರು ಯಾರು ಎಂಬುದು ಮೊದಲನೆಯದು. ಪ್ರಾಣಿಗಳು ಸಹಜ ಪ್ರವೃತ್ತಿಯಿಂದ ಬದುಕುತ್ತವೆ, ಮನುಷ್ಯ ಬುದ್ಧಿಯಿಂದ ಬದುಕುತ್ತಾನೆ ಎಂದು ಶಾಲೆಯಲ್ಲಿ ಕೇಳಿದ ಮಾತು ನಿಜವೇ ಎಂಬುದು ಎರಡನೆಯದು. ನಾನು ಪದವಿಪೂರ್ವ ತರಗತಿಗಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಈ ಎರಡನೆಯ ಮಾತನ್ನು ವಿದ್ಯಾರ್ಥಿಗಳ ಬಾಯಲ್ಲಿ ಪ್ರತಿ ವರ್ಷವೂ ಕೇಳುತ್ತೇನೆ, ಅದು ನಮ್ಮನ್ನು ದಾರಿ ತಪ್ಪಿಸುವ ಮಾತು ಎಂಬುದು ನನ್ನ ದೃಢವಾದ ಅಭಿಪ್ರಾಯ. ಪ್ರವೃತ್ತಿಯನ್ನೂ ಕಲಿಕೆಯನ್ನೂ ಎದುರು ಬದುರು ನಿಲ್ಲಿಸಿ ನೋಡಿದರೆ ಎರಡೂ ಅರ್ಥವಾಗುವುದಿಲ್ಲ. ಲೋಕದಲ್ಲಿ ಯಾವುದರ ಕಡೆಗೆ ಗಮನ ಹೋಗಬೇಕು, ಯಾವುದನ್ನು ಬೇಗ ಕಲಿಯಬೇಕು ಎಂಬುದನ್ನು ಹುಟ್ಟುವಾಗಲೇ ಗೊತ್ತುಮಾಡಿ ಕಲಿಕೆಗೆ ದಾರಿ ತೆರೆಯುವುದು ಪ್ರವೃತ್ತಿಯ ಬಹುದೊಡ್ಡ ಕೆಲಸ.

ಮೊದಲು ಅರ್ಥವನ್ನು ಸ್ಪಷ್ಟ ಮಾಡಿಕೊಳ್ಳೋಣ. ಯಾರಿಂದಲೂ ಕಲಿಯದೆ ಬರುವ, ಒಂದು ಜಾತಿಯ ಜೀವಿಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಕಾಣುವ, ತಕ್ಕ ಸನ್ನಿವೇಶ ಎದುರಾದಾಗ ತಾನಾಗಿಯೇ ಹೊರಬೀಳುವ ವರ್ತನೆಯನ್ನು ಸಹಜ ಪ್ರವೃತ್ತಿ ಎನ್ನುತ್ತಾರೆ. ಕಣ್ಣಿಗೆ ಧೂಳು ಹಾರಿದಾಗ ರೆಪ್ಪೆ ಮುಚ್ಚುವುದು ಪರಾವರ್ತಿತ ಕ್ರಿಯೆ. ಅದು ಒಂದು ಅಂಗದ ಒಂದೇ ಕ್ಷಣದ ಉತ್ತರ. ಪ್ರವೃತ್ತಿ ಅದಕ್ಕಿಂತ ದೊಡ್ಡದು. ಅದರಲ್ಲಿ ಇಡೀ ದೇಹ ತೊಡಗಿರುತ್ತದೆ, ಒಂದರ ಹಿಂದೆ ಒಂದರಂತೆ ಹಲವು ಹಂತಗಳಿರುತ್ತವೆ, ಹಸಿವು, ಋತು, ಸಂತಾನಕಾಲ ಮುಂತಾದ ಒಳಗಿನ ಸ್ಥಿತಿಗೆ ತಕ್ಕಂತೆ ಅದು ಏರುತ್ತದೆ, ಇಳಿಯುತ್ತದೆ.

ಇದರ ಶುದ್ಧ ಮಾದರಿಯನ್ನು ನೋಡಬೇಕೆಂದರೆ ದೂರ ಹೋಗಬೇಕಾಗಿಲ್ಲ. ಕಿಟಕಿಯ ಮೂಲೆಯಲ್ಲೋ ಗೋಡೆಗೆ ತೂಗುಹಾಕಿದ ಪಟದ ಹಿಂದೆಯೋ ಕುಂಬಾರ ಹುಳ ಕಟ್ಟುವ ಮಣ್ಣಿನ ಗೂಡನ್ನು ಗಮನಿಸಿ. ಹೆಣ್ಣು ಹುಳ ಹಸಿ ಮಣ್ಣಿನ ಪುಟ್ಟ ಉಂಡೆಗಳನ್ನು ಹೊತ್ತು ತರುತ್ತದೆ, ಅವನ್ನು ತೆಳ್ಳಗೆ ಬಳಿದು ಚಿಕ್ಕ ಗಡಿಗೆಯಂಥ ಕೋಣೆ ಕಟ್ಟಿ ಅದರೊಳಗೆ ಮೊಟ್ಟೆಯಿಡುತ್ತದೆ. ಎಲೆ ತಿನ್ನುವ ಹಸಿರು ಹುಳುಗಳನ್ನು ಕುಟುಕಿ, ಸಾಯಿಸದೆ ಚಲನೆ ಮಾತ್ರ ನಿಲ್ಲಿಸಿ, ಆ ಕೋಣೆಗೆ ತುಂಬುತ್ತದೆ. ಕೋಣೆಯ ಬಾಯಿಯನ್ನು ಮಣ್ಣಿನಿಂದ ಮುಚ್ಚಿ ಹಾರಿಹೋದರೆ ಮುಗಿಯಿತು. ಒಳಗೆ ಮೊಟ್ಟೆಯೊಡೆದ ಮರಿ ಕೆಡದೆ ಉಳಿದ ಆ ಆಹಾರವನ್ನು ತಿಂದು ಬೆಳೆಯುತ್ತದೆ, ರೆಕ್ಕೆ ಬಂದ ಮೇಲೆ ಗೋಡೆ ಕೊರೆದು ಹೊರಬರುತ್ತದೆ. ನಮ್ಮ ಹಿರಿಯರು ಗೂಡಿನೊಳಗೆ ಹುಳು ಹೋದದ್ದನ್ನೂ ಕೆಲವು ದಿನಗಳ ನಂತರ ಭ್ರಮರ ಹೊರಬಂದದ್ದನ್ನೂ ಕಂಡು, ಭ್ರಮರವನ್ನೇ ಧ್ಯಾನಿಸಿದ ಕೀಟ ಭ್ರಮರವೇ ಆಯಿತು ಎಂದು ಭಾವಿಸಿದರು. ಕೀಟಭ್ರಮರ ನ್ಯಾಯ ಹುಟ್ಟಿದ್ದು ಹಾಗೆ. ಅವರು ಕಣ್ಣಿಟ್ಟು ನೋಡಿದ್ದರು ಎಂಬುದನ್ನು ನಾನು ಗೌರವದಿಂದ ಒಪ್ಪುತ್ತೇನೆ. ಆದರೆ ಒಳಗೆ ನಡೆದಿರುವುದು ನನಗೆ ಅದಕ್ಕಿಂತಲೂ ಬೆರಗಿನದಾಗಿ ಕಾಣುತ್ತದೆ. ಹೊರಬಂದ ಹೆಣ್ಣು ಹುಳ ತನ್ನ ತಾಯಿಯನ್ನು ಕಂಡಿಲ್ಲ, ಗೂಡು ಕಟ್ಟುವುದನ್ನು ನೋಡಿಲ್ಲ. ಆದರೂ ತನ್ನ ಕಾಲ ಬಂದಾಗ ಅದೇ ಹದದ ಮಣ್ಣನ್ನು ಹುಡುಕುತ್ತದೆ, ಅದೇ ಆಕಾರದ ಗೂಡನ್ನು ಕಟ್ಟುತ್ತದೆ.

ಇಂಥ ವರ್ತನೆಗೆ ಒಂದು ಮಿತಿಯೂ ಇದೆ. ಗೂಡಿನಿಂದ ಹೊರಕ್ಕೆ ಉರುಳಿದ ಮೊಟ್ಟೆಯನ್ನು ಬೂದು ಹೆಬ್ಬಾತು ಕತ್ತು ಚಾಚಿ, ಕೊಕ್ಕಿನ ಅಡಿಭಾಗದಿಂದ ಎಳೆದುಕೊಳ್ಳುವ ರೀತಿಯನ್ನು ಕೊನ್ರಾಡ್ ಲೊರೆಂಟ್ಸ್ ಮತ್ತು ನಿಕೊ ಟಿನ್‌ಬರ್ಗೆನ್ 1938ರಲ್ಲಿ ವಿವರಿಸಿದರು. ಎಳೆಯುವ ನಡುವೆ ಮೊಟ್ಟೆಯನ್ನು ತೆಗೆದುಬಿಟ್ಟರೂ ಹಕ್ಕಿ ಇಲ್ಲದ ಮೊಟ್ಟೆಯನ್ನು ಎದೆಯತನಕ ಎಳೆದೇ ನಿಲ್ಲುತ್ತಿತ್ತು. ಟಿನ್‌ಬರ್ಗೆನ್ ಮುಂದೆ ಕಡಲಕ್ಕಿಯ ಮರಿಗಳ ಮೇಲೆ ಪ್ರಯೋಗ ಮಾಡಿದರು. ತಾಯಿಯ ಹಳದಿ ಕೊಕ್ಕಿನ ಮೇಲಿರುವ ಕೆಂಪು ಚುಕ್ಕೆಯನ್ನು ಮರಿ ಕುಕ್ಕಿದರೆ ತಾಯಿ ಆಹಾರವನ್ನು ಕಕ್ಕಿ ಕೊಡುತ್ತದೆ. ಬಿಳಿ ಪಟ್ಟೆಗಳಿದ್ದ ಬರಿಯ ಕೆಂಪು ಕಡ್ಡಿಯೊಂದನ್ನು ತೋರಿಸಿದಾಗ ಮರಿಗಳು ನಿಜವಾದ ತಲೆಯಂತಿದ್ದ ಮಾದರಿಗಿಂತಲೂ ಅದನ್ನೇ ಹೆಚ್ಚು ಕುಕ್ಕಿದವು. ಎಂದರೆ ಮರಿಗೆ ಹುಟ್ಟಿನಿಂದ ಬಂದಿರುವುದು ತಾಯಿಯ ಪರಿಚಯವಲ್ಲ, ಕೆಲವು ಗುರುತುಗಳ ಕಡೆಗಿನ ಸೆಳೆತ ಮಾತ್ರ. ಲೊರೆಂಟ್ಸ್, ಟಿನ್‌ಬರ್ಗೆನ್ ಮತ್ತು ಜೇನುನೊಣಗಳ ನೃತ್ಯವನ್ನು ಬಿಡಿಸಿ ತೋರಿಸಿದ ಕಾರ್ಲ್ ಫಾನ್ ಫ್ರಿಷ್ ಅವರಿಗೆ 1973ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಇಷ್ಟಕ್ಕೇ ನಿಲ್ಲಿಸಿದರೆ ಪ್ರಾಣಿಗಳೆಲ್ಲ ಕೀಲಿ ಕೊಟ್ಟ ಗೊಂಬೆಗಳಂತೆ ಕಾಣುತ್ತವೆ, ಬಹಳ ಪಠ್ಯಪುಸ್ತಕಗಳು ನಿಲ್ಲುವುದೂ ಇಲ್ಲಿಯೇ. ಮುಂದಿನ ಕಥೆ ಇನ್ನೂ ಮುಖ್ಯವಾದದ್ದು. 1960ರ ದಶಕದಲ್ಲಿ ಜ್ಯಾಕ್ ಹೇಲ್ಮನ್ ಇನ್ನೊಂದು ಜಾತಿಯ ಕಡಲಕ್ಕಿಯ ಮರಿಗಳನ್ನು ಹುಟ್ಟಿದಂದಿನಿಂದ ಗಮನಿಸಿದಾಗ, ಆರಂಭದಲ್ಲಿ ಅವುಗಳ ಕುಕ್ಕುವಿಕೆ ಗುರಿ ತಪ್ಪುತ್ತಿತ್ತು, ಅಭ್ಯಾಸದಿಂದ ಅದು ನಿಖರವಾಯಿತು, ದಿನ ಕಳೆದಂತೆ ಮರಿಗಳು ತಾಯಿತಂದೆಯರ ತಲೆಯ ರೂಪವನ್ನೇ ಆರಿಸಿಕೊಳ್ಳತೊಡಗಿದವು. ಪ್ರವೃತ್ತಿ ಎಂದು ಎಲ್ಲರೂ ಒಪ್ಪಿದ್ದ ವರ್ತನೆಯೊಳಗೇ ಕಲಿಕೆ ಸೇರಿಕೊಂಡಿತ್ತು.

ನಿಮ್ಮ ಬೆಕ್ಕಿನ ಪ್ರಶ್ನೆಗೆ ನೇರ ಉತ್ತರ ಇದಕ್ಕೂ ಹಿಂದಿನ ಒಂದು ಪ್ರಯೋಗದಲ್ಲಿದೆ. ಚೀನಾದ ಮನೋವಿಜ್ಞಾನಿ ಝಿಂಗ್‌ಯಾಂಗ್ ಕುವೊ, ಬೆಕ್ಕು ಇಲಿಯನ್ನು ಕೊಲ್ಲುವುದು ಹುಟ್ಟುಗುಣವೇ ಎಂದು ಪರೀಕ್ಷಿಸಿ 1930ರಲ್ಲಿ ಫಲಿತಾಂಶ ಪ್ರಕಟಿಸಿದರು. ತಾಯಿ ಇಲಿ ಕೊಲ್ಲುವುದನ್ನು ನೋಡುತ್ತ ಬೆಳೆದ ಮರಿಗಳಲ್ಲಿ ಶೇ. 85ರಷ್ಟು ಮುಂದೆ ಇಲಿಗಳನ್ನು ಕೊಂದವು. ಒಂಟಿಯಾಗಿ ಬೆಳೆದ 20 ಮರಿಗಳಲ್ಲಿ 9 ಕೊಂದವು. ಹುಟ್ಟಿನಿಂದ ಇಲಿಗಳ ಜೊತೆಯಲ್ಲೇ ಬೆಳೆದ 18 ಮರಿಗಳಲ್ಲಿ ಕೊಂದದ್ದು 3 ಮಾತ್ರ. ಪ್ರವೃತ್ತಿ ಎಂಬ ಕಲ್ಪನೆಯನ್ನೇ ಕೈಬಿಡಬೇಕೆಂದು ಕುವೊ ವಾದಿಸಿದರು, ಅದನ್ನು ನಾನು ಒಪ್ಪುವುದಿಲ್ಲ. ಯಾರ ಸಹವಾಸವೂ ಇಲ್ಲದೆ ಬೆಳೆದ ಮರಿಗಳಲ್ಲಿ ಅರ್ಧಕ್ಕೆ ಹತ್ತಿರದಷ್ಟು ಇಲಿ ಕೊಂದವೆಂದರೆ ಒಳಗಿನಿಂದ ಏನೋ ಬಂದೇ ಇದೆ. ಹರಿದಾಡುವ ಚಿಕ್ಕ ವಸ್ತುವನ್ನು ಕಂಡರೆ ಮೈ ತಗ್ಗಿಸುವುದು, ಹಿಂಗಾಲು ಅಲುಗಿಸಿ ನೆಗೆಯುವುದು, ಪಂಜದಿಂದ ಒತ್ತಿ ಹಿಡಿಯುವುದು, ಇವು ನಿಮ್ಮ ಮರಿಗೆ ಹುಟ್ಟಿನಿಂದ ಬಂದಿವೆ. ಅವು ಯಾವುದರ ಮೇಲೆ ತಿರುಗಬೇಕು, ಹಿಡಿದದ್ದನ್ನು ಆಹಾರವೆಂದು ಹೇಗೆ ಅರಿಯಬೇಕು ಎಂಬುದರಲ್ಲಿ ತಾಯಿ ಬೆಕ್ಕಿನ ಪಾತ್ರ ದೊಡ್ಡದು. ಅರೆಜೀವದ ಬೇಟೆಯನ್ನು ತಾಯಿ ಮರಿಗಳ ಮುಂದೆ ತಂದು ಬಿಡುವುದು ಈ ಪಾಠದ ಭಾಗ. ನಿಮ್ಮ ಮರಿ ಹಲ್ಲಿಯನ್ನು ಹಿಡಿದೂ ತಿನ್ನದೆ ಬಿಟ್ಟಿರುತ್ತದೆ ಎಂದು ಬರೆದಿದ್ದೀರಲ್ಲ, ಅದಕ್ಕೆ ಇದೂ ಒಂದು ಕಾರಣವಾಗಿರಬಹುದು. ಹೊಟ್ಟೆ ತುಂಬಿದ ಸಾಕು ಬೆಕ್ಕುಗಳೂ ಹಾಗೆ ಬಿಡುವುದುಂಟು.

ಹಕ್ಕಿಗಳ ವಲಸೆಯಲ್ಲಿ ಈ ಹಂಚಿಕೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ನಮ್ಮ ಗೊರವಂಕದ ಬಂಧುವಾದ ಸ್ಟಾರ್ಲಿಂಗ್ ಹಕ್ಕಿಗಳು ಬಾಲ್ಟಿಕ್ ಸಮುದ್ರದ ಕಡೆಯಿಂದ ಹೊರಟು ನೆದರ್ಲೆಂಡ್ಸ್ ಮೂಲಕ ಹಾದು ಇಂಗ್ಲೆಂಡ್ ಮತ್ತು ಉತ್ತರ ಫ್ರಾನ್ಸಿನಲ್ಲಿ ಚಳಿಗಾಲ ಕಳೆಯುತ್ತವೆ. ಡಚ್ ವಿಜ್ಞಾನಿ ಪೆರ್ಡೆಕ್ ದಾರಿಯಲ್ಲಿ ಹಿಡಿದ ಸಾವಿರಾರು ಹಕ್ಕಿಗಳಿಗೆ ಉಂಗುರ ತೊಡಿಸಿ, ಸ್ವಿಟ್ಜರ್ಲೆಂಡಿಗೆ ಸಾಗಿಸಿ ಅಲ್ಲಿಂದ ಬಿಟ್ಟರು. ಫಲಿತಾಂಶ 1958ರಲ್ಲಿ ಪ್ರಕಟವಾಯಿತು. ಹಿಂದೆ ಒಮ್ಮೆ ಪ್ರಯಾಣ ಮಾಡಿದ್ದ ಹಿರಿಯ ಹಕ್ಕಿಗಳು ದಿಕ್ಕು ಬದಲಿಸಿಕೊಂಡು ತಮ್ಮ ಎಂದಿನ ನೆಲೆಯ ಕಡೆಗೆ ಹಾರಿದವು. ಮೊದಲ ಬಾರಿಗೆ ಹೊರಟಿದ್ದ ಮರಿಹಕ್ಕಿಗಳು ನೆದರ್ಲೆಂಡ್ಸಿನಲ್ಲಿ ಹಾರುತ್ತಿದ್ದ ದಿಕ್ಕಿನಲ್ಲಿಯೇ ಮುಂದುವರಿದು ದಕ್ಷಿಣ ಫ್ರಾನ್ಸ್ ಮತ್ತು ಸ್ಪೇನ್ ತಲುಪಿದವು. ಹುಟ್ಟಿನಿಂದ ಬಂದದ್ದು ದಿಕ್ಕು ಮತ್ತು ಎಷ್ಟು ದೂರ ಹಾರಬೇಕೆಂಬ ಅಂದಾಜು. ಊರು ಯಾವುದೆಂಬುದು ಅನುಭವದಿಂದ ಬಂದದ್ದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ದಶಕಗಳ ಕಾಲ ಅಧ್ಯಯನ ಮಾಡಿದ ರೋಪಾಲಿಡಿಯಾ ಮಾರ್ಜಿನೇಟಾ ಎಂಬ ಕಣಜದ ವಿಷಯವನ್ನೂ ಇಲ್ಲಿ ಹೇಳಲೇಬೇಕು. ಈ ಕಣಜದ ಗೂಡಿನಲ್ಲಿ ರಾಣಿ ಬಹಳ ಸೌಮ್ಯ ಸ್ವಭಾವದ್ದು. ರಾಣಿಯನ್ನು ಗೂಡಿನಿಂದ ತೆಗೆದರೆ ಅದುವರೆಗೆ ಕೆಲಸಗಾರ್ತಿಯಾಗಿದ್ದ ಒಂದು ಕಣಜ ಸ್ವಲ್ಪ ಹೊತ್ತಿನಲ್ಲೇ ಉಗ್ರವಾಗುತ್ತದೆ, ರಾಣಿ ಮರಳದಿದ್ದರೆ ಕೆಲವು ದಿನಗಳಲ್ಲಿ ತಾನೇ ಮೊಟ್ಟೆಯಿಡುವ ರಾಣಿಯಾಗಿ ಮತ್ತೆ ಸೌಮ್ಯವಾಗುತ್ತದೆ. ಒಂದು ಕೀಟದ ಮೈಯಲ್ಲಿಯೂ ಪ್ರವೃತ್ತಿ ಒಂದೇ ಪಾತ್ರವನ್ನು ಬರೆದಿಟ್ಟಿಲ್ಲ. ಹಲವು ಪಾತ್ರಗಳ ಸಾಧ್ಯತೆಯನ್ನಿಟ್ಟು, ಸನ್ನಿವೇಶಕ್ಕೆ ತಕ್ಕದ್ದನ್ನು ಹೊರತರುತ್ತದೆ.

ಇನ್ನು ಮನುಷ್ಯರ ವಿಷಯ. ಆಗತಾನೇ ಹುಟ್ಟಿದ ಮಗುವನ್ನು ಒರೆಸಿ ತಾಯಿಯ ಹೊಟ್ಟೆಯ ಮೇಲೆ ಮಲಗಿಸಿ ಕಾದರೆ, ಸುಮಾರು ಒಂದು ಗಂಟೆಯ ಅವಧಿಯಲ್ಲಿ ಅದು ಕಾಲೊತ್ತಿ ಮೆಲ್ಲನೆ ತೆವಳಿ, ವಾಸನೆಯ ನೆರವಿನಿಂದ ಮೊಲೆಯನ್ನು ಹುಡುಕಿಕೊಂಡು ಬಾಯಿ ಹಚ್ಚುವುದುಂಟು. ಕೆನ್ನೆ ಮುಟ್ಟಿದರೆ ಆ ಕಡೆಗೆ ಬಾಯಿ ತಿರುಗಿಸುತ್ತದೆ, ಅಂಗೈಗೆ ಬೆರಳು ತಾಗಿಸಿದರೆ ಬಿಗಿಯಾಗಿ ಹಿಡಿಯುತ್ತದೆ, ತಲೆ ಫಕ್ಕನೆ ಹಿಂದಕ್ಕೆ ವಾಲಿದರೆ ಬೆಚ್ಚಿ ಎರಡೂ ತೋಳುಗಳನ್ನು ಅಗಲಿಸಿ ಮತ್ತೆ ಅಪ್ಪಿಕೊಳ್ಳುವಂತೆ ಒಳಕ್ಕೆ ತರುತ್ತದೆ. ಸಿಹಿಗೆ ಮುಖ ಅರಳುತ್ತದೆ, ಕಹಿಗೆ ಕಿವುಚುತ್ತದೆ. ಹಿಡಿತ, ಬೆಚ್ಚುವಿಕೆಯಂಥ ಹಲವು ಕ್ರಿಯೆಗಳು ಮೊದಲ ಆರು ತಿಂಗಳ ಆಸುಪಾಸಿನಲ್ಲಿ ಮರೆಯಾಗುತ್ತವೆ. ಹಾಗಾಗಿ ಮನುಷ್ಯನಲ್ಲಿ ಪ್ರವೃತ್ತಿ ಶೈಶವಕ್ಕೇ ಮುಗಿಯಿತು ಎಂದು ಜನ ಭಾವಿಸುತ್ತಾರೆ. ಅದು ಮುಗಿಯುವುದಿಲ್ಲ, ಕಲಿಕೆಯ ಒಳಗೆ ಸೇರಿಕೊಂಡು ಮುಂದುವರಿಯುತ್ತದೆ.

ಹಾವಿನ ಭಯವನ್ನೇ ತೆಗೆದುಕೊಳ್ಳಿ. ಸೂಸನ್ ಮಿನೆಕಾ ಮತ್ತು ಸಂಗಡಿಗರು 1980ರ ದಶಕದಲ್ಲಿ ಮಾಡಿದ ಪ್ರಯೋಗಗಳಲ್ಲಿ, ಪ್ರಯೋಗಾಲಯದಲ್ಲೇ ಹುಟ್ಟಿ ಬೆಳೆದ ಕೋತಿಗಳಿಗೆ ಹಾವಿನ ಭಯವಿರಲಿಲ್ಲ. ಬೇರೊಂದು ಕೋತಿ ಹಾವನ್ನು ಕಂಡು ಹೆದರುವುದನ್ನು ವಿಡಿಯೊದಲ್ಲಿ ತೋರಿಸಿದರೂ ಸಾಕಾಯಿತು, ಅವು ಬೇಗನೆ ಹೆದರಲು ಕಲಿತವು. ಅದೇ ಕೋತಿ ಹೂವನ್ನು ಕಂಡು ಹೆದರುತ್ತಿರುವಂತೆ ವಿಡಿಯೊವನ್ನು ಜೋಡಿಸಿ ತೋರಿಸಿದಾಗ ಅವು ಹೂವಿಗೆ ಹೆದರಲು ಕಲಿಯಲಿಲ್ಲ. ನಮ್ಮ ಮಕ್ಕಳಲ್ಲಿಯೂ ಇದಕ್ಕೆ ಹೊಂದುವ ಸೂಚನೆಯಿದೆ: ಆರು ತಿಂಗಳ ಶಿಶುಗಳಿಗೆ ಹಾವು, ಜೇಡಗಳ ಚಿತ್ರ ತೋರಿಸಿದಾಗ, ಹೂವು, ಮೀನುಗಳ ಚಿತ್ರ ತೋರಿಸಿದಾಗಿನದಕ್ಕಿಂತ ಹೆಚ್ಚಾಗಿ ಕಣ್ಣಿನ ಪಾಪೆ ಹಿಗ್ಗಿದ್ದು 2017ರಲ್ಲಿ ವರದಿಯಾಯಿತು. ಆ ಮಕ್ಕಳು ಅತ್ತಿಲ್ಲ, ಹೆದರಿಯೂ ಇಲ್ಲ. ಅವರ ಗಮನ ಮಾತ್ರ ಚುರುಕಾಗಿದೆ. ಭಯವನ್ನು ಪೂರ್ತಿ ಮಾಡುವುದು ಮನೆಯವರ ಚೀರಾಟ, ಊರಿನ ಕಥೆಗಳು, ಸ್ವಂತ ಅನುಭವ.

ಮಾತು ಕಲಿಯುವುದೂ ಹೀಗೆಯೇ ನಡೆಯುತ್ತದೆ. ಯಾವ ಮಗುವೂ ಕನ್ನಡವನ್ನು ಹೊತ್ತು ಹುಟ್ಟುವುದಿಲ್ಲ, ಆದರೆ ಮಾತಿಗೆ ಕಿವಿಗೊಡುವ ಹಂಬಲವನ್ನು ಹೊತ್ತೇ ಹುಟ್ಟುತ್ತದೆ. ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮಾತಾಡುವ ಮನೆಗಳ ಆರರಿಂದ ಎಂಟು ತಿಂಗಳ ಶಿಶುಗಳು ಹಿಂದಿಯ ತಕಾರ ಮತ್ತು ಟಕಾರಗಳ ವ್ಯತ್ಯಾಸವನ್ನು ಗುರುತಿಸಿದವು. ಆ ವ್ಯತ್ಯಾಸ ಅವರ ಮನೆಯ ಮಾತಿನಲ್ಲಿ ಇಲ್ಲವೇ ಇಲ್ಲ. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಆ ಸಾಮರ್ಥ್ಯ ಬಹುಪಾಲು ಹೋಗಿತ್ತು. ಕನ್ನಡದ ಮನೆಗಳಲ್ಲಿ ತ ಮತ್ತು ಟ ದಿನವಿಡೀ ಕಿವಿಗೆ ಬೀಳುವುದರಿಂದ ನಮಗೆ ಅದು ಉಳಿಯುತ್ತದೆ. ವಿದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡಿಗರು, ಮಗು ಇನ್ನೂ ಮಾತಾಡುವುದಿಲ್ಲವಲ್ಲ ಎಂದುಕೊಂಡು ಮೊದಲ ವರ್ಷದಲ್ಲಿ ಅದರೊಡನೆ ಕನ್ನಡ ಆಡದೆ ಇರಬಾರದು ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಪ್ರವೃತ್ತಿಯ ಪಾತ್ರ ಇಷ್ಟು ದೊಡ್ಡದಾಗಿರುವುದು ಏಕೆ ಎಂದರೆ, ಕೆಲವು ವಿಷಯಗಳನ್ನು ಪ್ರಯತ್ನಿಸಿ ತಪ್ಪಿ ಕಲಿಯಲು ಸಮಯವಿರುವುದಿಲ್ಲ. ಹೊನ್ನಾವರ, ಕುಂದಾಪುರಗಳ ಕಡಲತೀರದ ಮರಳಿನಿಂದ ರಾತ್ರಿಯಲ್ಲಿ ಹೊರಬರುವ ಆಲಿವ್ ರಿಡ್ಲೆ ಕಡಲಾಮೆಯ ಮರಿಗೆ ತಾಯಿಯೂ ಇಲ್ಲ, ಎರಡನೆಯ ಅವಕಾಶವೂ ಇಲ್ಲ. ಕತ್ತಲಾದ ನೆಲದ ಕಡೆ ಬೆನ್ನು ಮಾಡಿ ಬೆಳಕಾದ ದಿಗಂತದ ಕಡೆಗೆ ಹೋಗು ಎಂಬ ಒಂದೇ ಒಳಪ್ರೇರಣೆ ಅದನ್ನು ನೀರಿಗೆ ಮುಟ್ಟಿಸಬೇಕು. ದೀರ್ಘಕಾಲ ಅದು ಸರಿಯಾಗಿಯೇ ನಡೆಯಿತು, ಏಕೆಂದರೆ ರಾತ್ರಿ ಹೊಳೆಯುತ್ತಿದ್ದದ್ದು ಕಡಲೊಂದೇ. ಈಗ ತೀರದ ರಸ್ತೆಯ ದೀಪಗಳು ಹೆಚ್ಚು ಹೊಳೆಯುವ ಕಡೆಗಳಲ್ಲಿ ಮರಿಗಳು ಅದೇ ಪ್ರೇರಣೆಗೆ ವಿಧೇಯವಾಗಿ ನೆಲದ ಕಡೆ ತೆವಳಿ, ಒಣಗಿ, ನಾಯಿ, ಕಾಗೆಗಳ ಬಾಯಿಗೆ ಬೀಳುತ್ತವೆ. ಸಿಹಿಯ ಮೇಲಿನ ನಮ್ಮ ಆಸೆಯೂ ಇಂಥದ್ದೇ; ಜೇನು, ಹಣ್ಣು ಅಪರೂಪವಾಗಿದ್ದ ಕಾಲಕ್ಕೆ ಹೊಂದಿಕೊಂಡು ಬಂದದ್ದು, ಬೀದಿಗೊಂದು ಬೇಕರಿ ಇರುವ ಕಾಲದಲ್ಲಿ ರೋಗಕ್ಕೆ ದಾರಿ ಮಾಡುತ್ತಿದೆ.

ಕೊನೆಯದಾಗಿ, ನೀವು ಕೇಳಿದ ಒಂದು ಉಪಪ್ರಶ್ನೆ: ಸಿಟ್ಟು, ಹೊಡೆದಾಟ ಮನುಷ್ಯನ ಹುಟ್ಟುಗುಣವಾದರೆ ಯಾರನ್ನು ದೂರುವುದು? ಸಿಟ್ಟು ಏಳುವ ಸಾಮರ್ಥ್ಯ ಹುಟ್ಟಿನಿಂದ ಬಂದದ್ದೆಂಬುದು ನಿಜ. ಆದರೆ ಹೆಂಡತಿಯ ಮೇಲೆ ಕೈಮಾಡಿ ಗಂಡಸಿನ ಸ್ವಭಾವವೇ ಹಾಗೆ ಎನ್ನುವವರು ಜೀವವಿಜ್ಞಾನದ ಹೆಸರನ್ನು ಸುಳ್ಳಿಗೆ ಬಳಸುತ್ತಿದ್ದಾರೆ. ಪಶ್ಚಿಮ ಯುರೋಪಿನಲ್ಲಿ ಮಧ್ಯಯುಗದ ಕೊನೆಯ ಶತಮಾನಗಳಿಗೆ ಹೋಲಿಸಿದರೆ 20ನೆಯ ಶತಮಾನದ ಹೊತ್ತಿಗೆ ಜನಸಂಖ್ಯೆಗೆ ತಕ್ಕ ಕೊಲೆಗಳ ಪ್ರಮಾಣ ಹತ್ತು ಪಟ್ಟಿಗಿಂತಲೂ ಹೆಚ್ಚು ಇಳಿದಿತ್ತು. ಅಷ್ಟು ಕಡಿಮೆ ತಲೆಮಾರುಗಳಲ್ಲಿ ವಂಶವಾಹಿಗಳು ಆ ಮಟ್ಟಿಗೆ ಬದಲಾಗಲು ಸಾಧ್ಯವಿಲ್ಲ. ಬದಲಾದದ್ದು ಆ ಜನ ಬದುಕಿದ ವ್ಯವಸ್ಥೆ, ಅವರು ಒಬ್ಬರಿಂದೊಬ್ಬರು ಕಲಿತ ನಡವಳಿಕೆ.