ಬ್ರೇಕ್ ತುಳಿದರೆ ಟೇಲ್ ಲೈಟ್ ಆರಿಹೋಗುತ್ತದೆಯೇ? ಬಲ್ಬ್ ಬಿಡಿ, ಅರ್ತ್ ನೋಡಿ

ಹಳೇ ಪಿಕಪ್, ಬಲಗಡೆ ಟೇಲ್ ಲೈಟ್ ಹತ್ತಿರುತ್ತದೆ, ಬ್ರೇಕ್ ತುಳಿದ ಕೂಡಲೇ ಆರುತ್ತದೆ, ಎರಡು ಬಲ್ಬ್ ಬದಲಾಯಿಸಿದರೂ ಅಷ್ಟೇ. ಮುಂದಿನ ತಿಂಗಳು ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್ ಪರೀಕ್ಷೆ) ಇದೆ, ಎಲ್‌ಇಡಿ ಸೆಟ್ ಹಾಕಿಸಲಾ ಇಲ್ಲ ಪೂರ್ತಿ ವೈರಿಂಗ್ ಮಾಡಿಸಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ದಯವಿಟ್ಟು ಇದನ್ನು ಪೂರ್ತಿ ಓದಿ, ಆಮೇಲೆ ದುಡ್ಡು ತೆಗೆಯಿರಿ.

ನಮ್ಮದು ಮುಳಬಾಗಿಲು ಕಡೆ. ಸೆಕೆಂಡ್ ಹ್ಯಾಂಡ್ ಪಿಕಪ್ ಇಟ್ಟುಕೊಂಡು ಕೋಲಾರದ ಎಪಿಎಂಸಿ ಮಂಡಿಗೆ ಟೊಮೆಟೊ ಹೊಡೆಯುತ್ತಿದ್ದೆ. ಬೆಳಗಿನ ಹರಾಜಿಗೆ ಮಾಲು ಸೇರಬೇಕು ಅಂದರೆ ಕತ್ತಲಲ್ಲೇ ಹೊರಡಬೇಕು. 2018ರ ಆಯುಧ ಪೂಜೆಗೆ ಮುಂಚೆ ಗಾಡಿಗೆ ಹೊಸದಾಗಿ ಪೇಂಟ್ ಹೊಡೆಸಿದೆ. ಹಿಂದಿನ ಬಾಡಿ, ಲೈಟ್ ಕೂರಿಸುವ ಬ್ರಾಕೆಟ್, ಬೋಲ್ಟಿನ ತೂತು, ಎಲ್ಲಕ್ಕೂ ದಪ್ಪವಾಗಿ ಎರಡು ಕೋಟ್. ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದೆವು. ಹದಿನೈದು ದಿನ ಕಳೆದಿರಬೇಕು, ಬಲಗಡೆ ಲೈಟ್ ಕೈಕೊಡೋಕೆ ಶುರುವಾಯಿತು. ನೀವು ಬರೆದ ಹಾಗೇ. ಇಂಡಿಕೇಟರ್ ಹಾಕಿದರೆ ಅದರ ಜೊತೆಗೆ ಟೇಲ್ ಲೈಟೂ ಮಿಣುಕುತ್ತಿತ್ತು.

ಪೇಂಟ್ ಆದಮೇಲೆ ಶುರುವಾದ ತೊಂದರೆ ಅಂತ ನನಗೆ ಹೊಳೆಯಲೇ ಇಲ್ಲ. ಬಲ್ಬ್ ಹಾಕಿದೆ. ಹೋಲ್ಡರ್ ಬದಲಾಯಿಸಿದೆ. ಆಮೇಲೆ ಮೀಟರ್ ತಗೊಂಡು ಚೆಕ್ ಮಾಡಿದೆ. ನಾನು ತಪ್ಪಿದ್ದು ಇಲ್ಲೇ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮೀಟರಿನ ಕೆಂಪು ಪಿನ್ನನ್ನು ಹೋಲ್ಡರಿನ ಒಳಗಿನ ಪಾಯಿಂಟಿಗೆ ಇಟ್ಟೆ. ಕಪ್ಪು ಪಿನ್ನನ್ನು ಕೈಗೆ ಸಿಕ್ಕಿದ ಚಾಸಿ ನಟ್ಟಿಗೆ ಒತ್ತಿದೆ. 12 ವೋಲ್ಟ್ ಮೇಲೆ ತೋರಿಸಿತು. ಕರೆಂಟ್ ಸರಿಯಾಗಿ ಬರ್ತಿದೆ, ಹಾಗಾದರೆ ಲೈಟೇ ಕೆಟ್ಟಿದೆ ಅಂತ ತೀರ್ಮಾನ ಮಾಡಿಬಿಟ್ಟೆ. ಆದರೆ ಬಲ್ಬು ಅರ್ತ್ (ಅಂದರೆ ಕರೆಂಟ್ ಗಾಡಿಯ ಲೋಹದ ಮೂಲಕ ಬ್ಯಾಟರಿ ಮೈನಸ್ಸಿಗೆ ವಾಪಸ್ ಹೋಗುವ ದಾರಿ) ತಗೊಳ್ಳುವುದು ನಾನು ಪಿನ್ ಒತ್ತಿದ ಆ ನಟ್ಟಿನಿಂದ ಅಲ್ಲ. ಅದು ತಗೊಳ್ಳುವುದು ಹೋಲ್ಡರಿನ ಲೋಹದಿಂದ, ಅಲ್ಲಿಂದ ಬ್ರಾಕೆಟ್ಟು, ಬೋಲ್ಟು, ಆಮೇಲೆ ಬಾಡಿ. ಮೀಟರಿಗೆ ನಾನೇ ಒಳ್ಳೆ ಅರ್ತ್ ಕೊಟ್ಟೆ. ಬಲ್ಬಿಗೆ ಅರ್ತ್ ಇದೆಯಾ ಅಂತ ನೋಡಲೇ ಇಲ್ಲ. ಕಪ್ಪು ಪಿನ್ನನ್ನು ಅಲ್ಲಿಂದ ಒಂದು ಗೇಣು ಆಚೆ, ಹೋಲ್ಡರಿನ ಮೈಗೇ ಇಟ್ಟಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ಹೊಸ ಲೈಟ್ ಪೂರ್ತಿ ಸೆಟ್ ತಂದು ಕೂರಿಸಿದೆ. ಹತ್ತಿತು! ಬೋಲ್ಟ್ ಬಿಗಿ ಮಾಡುವಾಗ ಪೇಂಟ್ ಒಂಚೂರು ಕೆರೆದು ಲೋಹ ತಾಗಿತ್ತು, ಅಷ್ಟೇ. ನಾಲ್ಕು ದಿನ ಮಳೆ, ಕೆಸರು ಬಿದ್ದಮೇಲೆ ಮತ್ತೆ ಅದೇ ಕಥೆ. ಎಡಗಡೆದು ಹತ್ತುತ್ತಿದೆಯಲ್ಲ, ಸೀಸನ್ ಮುಗಿಯಲಿ ನೋಡೋಣ ಅಂತ ಸುಮ್ನೆ ಓಡಿಸಿದೆ.

ಒಂದು ದಿನ ಬೆಳಗಿನ ಜಾವ ಲೋಡ್ ಹಾಕಿಕೊಂಡು ಹೋಗುತ್ತಿದ್ದೆ. ಮುಂದೆ ಹಂಪ್ ಇತ್ತು, ಬ್ರೇಕ್ ತುಳಿದೆ. ಬಲಗಡೆ ಲೈಟ್ ಆರಿತು, ಎಡಗಡೆದು ಮಾತ್ರ ಜಾಸ್ತಿ ಹೊಳೆಯಿತು. ಹಿಂದೆ ಬೈಕಿನಲ್ಲಿ ಬರುತ್ತಿದ್ದ ಹುಡುಗನಿಗೆ ಕಂಡಿದ್ದು ಒಂದೇ ಒಂದು ಕೆಂಪು ಲೈಟು. ಮುಂದೆ ಯಾವುದೋ ಬೈಕ್ ನಿಧಾನ ಮಾಡ್ತಿದೆ ಅಂದುಕೊಂಡು ಬಲಕ್ಕೆ ತಿರುಗಿಸಿದ. ಅಲ್ಲಿ ನನ್ನ ಬಾಡಿಯ ಮೂಲೆ ಇತ್ತು. ಹೆಲ್ಮೆಟ್ ಇದ್ದಿದ್ದಕ್ಕೆ ತಲೆ ಉಳಿಯಿತು. ಹೆಗಲ ಹತ್ತಿರದ ಮೂಳೆ ಮುರಿಯಿತು. "ಅಣ್ಣಾ, ನಿಮ್ಮ ಗಾಡಿ ಕಾಣಲೇ ಇಲ್ಲ" ಅಂತ ಆಸ್ಪತ್ರೆಯಲ್ಲಿ ಎರಡು ಮೂರು ಸಲ ಹೇಳಿದ. ಖರ್ಚು ನಾನು ಕೊಟ್ಟೆ. ಆದರೆ ಎರಡು ತಿಂಗಳು ಅವನಿಗೆ ಕೆಲಸಕ್ಕೆ ಹೋಗೋಕೆ ಆಗಲಿಲ್ಲ. ಆ ಎರಡು ತಿಂಗಳನ್ನು ನಾನು ವಾಪಸ್ ಕೊಡೋಕೆ ಆಗಲಿಲ್ಲ.

ಮಾರನೇ ದಿನ ಬ್ಯಾಟರಿ ಅಂಗಡಿಯ ಹಿರಿಯರೊಬ್ಬರ ಹತ್ತಿರ ಗಾಡಿ ತಗೊಂಡು ಹೋದೆ. ನನ್ನ ಕಥೆ ಕೇಳಿ, "ಕರೆಂಟ್ ಬರೋ ದಾರಿ ನೋಡಿದೀಯ, ವಾಪಸ್ ಹೋಗೋ ದಾರಿ ನೋಡಿದೀಯೇನಪ್ಪಾ?" ಅಂದರು. ಒಂದು ಉದ್ದ ವೈರ್ ತಗೊಂಡು ಬ್ಯಾಟರಿ ಮೈನಸ್ಸಿನಿಂದ ಹೋಲ್ಡರಿನ ಲೋಹಕ್ಕೆ ಮುಟ್ಟಿಸಿ, ಬ್ರೇಕ್ ತುಳಿ ಅಂದರು. ಲೈಟ್ ಝಗ್ ಅಂತ ಹತ್ತಿತು.

ಅವರು ಹೇಳಿಕೊಟ್ಟಿದ್ದು ಹೀಗೆ. ಈ ಬಲ್ಬಿನೊಳಗೆ ಉರಿಯುವ ಎರಡು ತಂತಿ (ಫಿಲಮೆಂಟ್) ಇವೆ. ಟೇಲಿಗೆ 5 ವ್ಯಾಟ್, ಬ್ರೇಕಿಗೆ 21 ವ್ಯಾಟ್. ಕರೆಂಟ್ ಬರುವುದು ಎರಡು ವೈರಿನಲ್ಲಿ, ಹೋಗುವುದು ಮಾತ್ರ ಬಲ್ಬಿನ ಕ್ಯಾಪಿನಿಂದ ಒಂದೇ ದಾರಿಯಲ್ಲಿ. ಪೇಂಟೋ ತುಕ್ಕೋ ಅಡ್ಡ ಬಂದು ಆ ದಾರಿ ಮುಚ್ಚಿದರೆ ಟೇಲಿನ ಕರೆಂಟು ಬ್ರೇಕಿನ ತಂತಿಯೊಳಗೆ ಹಿಂದಕ್ಕೆ ನುಗ್ಗಿ, ಬ್ರೇಕ್ ವೈರ್ ಹಿಡಿದು ಎಡಗಡೆ ಬಲ್ಬಿಗೆ ಹೋಗಿ ಅಲ್ಲಿ ಅರ್ತ್ ಸೇರುತ್ತದೆ. ಅದಕ್ಕೇ ಬಲಗಡೆ ಲೈಟ್ ಚೆನ್ನಾಗಿಯೇ ಇರುವ ಹಾಗೆ ಕಾಣುತ್ತದೆ. ಬ್ರೇಕ್ ತುಳಿದಾಗ ಬ್ರೇಕ್ ವೈರಿನಲ್ಲೂ 12 ವೋಲ್ಟ್ ಬರುತ್ತದೆ. ಎರಡೂ ಕಡೆಯಿಂದ ಒಂದೇ ವೋಲ್ಟ್, ಹೊರಗೆ ಹೋಗಲು ಜಾಗ ಇಲ್ಲ, ಲೈಟ್ ಆರಿಹೋಗುತ್ತದೆ. ಎಡಗಡೆದು ಯಾಕೆ ಸರಿಯಿತ್ತು ಅಂದರೆ, ಹಿಂದಿನ ಓನರ್ ಅದಕ್ಕೆ ಚಾಸಿಯಿಂದ ಬೇರೆ ಅರ್ತ್ ವೈರ್ ಎಳೆದಿದ್ದರು.

ನೀವೂ ಆ ವೈರ್ ಪರೀಕ್ಷೆ ಇವತ್ತೇ ಮಾಡಿ. ವೈರ್ ಮುಟ್ಟಿಸಿದಾಗ ಲೈಟ್ ಸರಿಯಾದರೆ ಬೋಲ್ಟ್ ಬಿಚ್ಚಿ, ಪೇಂಟು, ತುಕ್ಕು ಎಲ್ಲಾ ಎಮರಿ ಪೇಪರಿನಲ್ಲಿ ಉಜ್ಜಿ, ಲೋಹ ಹೊಳೆಯಬೇಕು. ಅಷ್ಟಕ್ಕೇ ಬಿಡಬೇಡಿ. ಹೋಲ್ಡರಿನಿಂದ ಚಾಸಿಗೆ ಬೇರೆ ವೈರ್ ಎಳೆದು, ತುದಿಗೆ ರಿಂಗ್ ಲಗ್ (ಬೋಲ್ಟಿಗೆ ತೂರಿಸುವ ಲೋಹದ ಬಳೆ) ಒತ್ತಿಸಿ ಬಿಗಿ ಮಾಡಿ, ಮೇಲೆ ಗ್ರೀಸ್ ಹಚ್ಚಿ. ಎಡಗಡೆಗೂ ಹಾಗೇ ಮಾಡಿ. ಆಮೇಲೆ ಬ್ರೇಕ್ ತುಳಿದು ಹಿಡಿದುಕೊಂಡು, ಹೋಲ್ಡರ್ ಮೈಗೂ ಬ್ಯಾಟರಿ ಮೈನಸ್ಸಿಗೂ ಮಧ್ಯೆ ಮೀಟರ್ ಇಡಿ. ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟ್ ತೋರಿಸಿದರೂ ಇನ್ನೂ ಎಲ್ಲೋ ಕೊಳೆ ಇದೆ ಅಂತ.

ಎರಡೂ ಕಡೆ ಬ್ರೇಕ್ ಲೈಟ್ ಇಲ್ಲ ಅಂದರೆ ಆ ಮಾತು ಬೇರೆ. ಫ್ಯೂಸ್ ನೋಡಿ, ಪೆಡಲ್ ಮೇಲಿನ ಸ್ವಿಚ್ ನೋಡಿ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಎಲ್ಲೋ ವೈರ್ ಸುಲಿದು ಚಾಸಿಗೆ ತಾಗುತ್ತಿದೆ. ದೊಡ್ಡ ಫ್ಯೂಸ್ ಮಾತ್ರ ಹಾಕಬೇಡಿ, ವೈರೇ ಸುಟ್ಟುಹೋಗುತ್ತದೆ.

ಎಲ್‌ಇಡಿ ಹಾಕಿದರೂ ಅದಕ್ಕೂ ಅದೇ ಅರ್ತ್ ಬೇಕು ಅಲ್ವಾ? ಮೇಲಿಂದ ಹಳೇ ಫ್ಲಾಷರ್ (ಇಂಡಿಕೇಟರ್ ಮಿಣುಕಿಸುವ ಡಬ್ಬಿ) ಇದ್ದರೆ ಇಂಡಿಕೇಟರ್ ಪಟಪಟ ಅಂತ ಜೋರಾಗಿ ಹೊಡೆದುಕೊಳ್ಳುತ್ತದೆ. ವೈರಿಂಗ್ ಪೂರ್ತಿ ಬದಲಾಯಿಸಿದರೂ ಬೋಲ್ಟಿನ ಕೆಳಗಿನ ಪೇಂಟ್ ಅಲ್ಲೇ ಇರುತ್ತದೆ.

ಇನ್ನೊಂದು ಮಾತು. ಎಫ್‌ಸಿ ಮುಂದಿನ ತಿಂಗಳು ಅಂತ ಅಲ್ಲಿಯವರೆಗೆ ಹಾಗೇ ಓಡಿಸಬೇಡಿ. ನಾನೀಗ ಲೋಡ್ ತುಂಬುವ ಮುಂಚೆ ಗಾಡಿಯನ್ನು ಶೆಡ್ಡಿನ ಗೋಡೆಗೆ ಹಿಂದಕ್ಕೆ ತಂದು ನಿಲ್ಲಿಸುತ್ತೇನೆ. ಲೈಟ್ ಹಾಕಿ ಬ್ರೇಕ್ ತುಳಿದು ಎರಡೂ ಕನ್ನಡಿ ನೋಡುತ್ತೇನೆ. ಗೋಡೆ ಮೇಲೆ ಎರಡೂ ಕಡೆ ಕೆಂಪು ಜಾಸ್ತಿಯಾಗಬೇಕು. ಒಂದು ಕಡೆ ಕಮ್ಮಿಯಾದರೂ ಅವತ್ತು ಗಾಡಿ ಹೊರಗೆ ಹೋಗುವುದಿಲ್ಲ.