ಕ್ಯಾಮೆರಾ ಇಲ್ಲದೆ ಅಪರೂಪದ ಹಕ್ಕಿ ಕಂಡರೆ ವರದಿ ಮಾಡಬಹುದಾ?

ಹೊಸಕೋಟೆ ಕೆರೆಯಲ್ಲಿ ರೆಡ್ ನೆಕ್ಡ್ ಫ್ಯಾಲರೋಪ್ ಅನ್ನುವ ಪುಟ್ಟ ವಲಸೆ ನೀರುಹಕ್ಕಿ ಕಂಡಿರಿ, ಕೈಯಲ್ಲಿ ಬೈನಾಕ್ಯುಲರ್ ಬಿಟ್ಟು ಬೇರೇನೂ ಇರಲಿಲ್ಲ, ಒಳ್ಳೆ ಲೆನ್ಸ್ ಕೊಳ್ಳುವವರೆಗೂ ಇಂಥದ್ದನ್ನು ಕಂಡ ಹಕ್ಕಿಗಳ ದಾಖಲೆ ಸೇರಿಸುವ ಜಾಲತಾಣವಾದ ಇ-ಬರ್ಡ್‌ಗೆ ಹಾಕದೆ ಸುಮ್ಮನಿರಲಾ, ಹಾಕಿದರೆ ಜನ ನಗುತ್ತಾರಾ ಅಂತ ಕೇಳಿದ್ದೀರಿ. ಸುಮ್ಮನಿರಬೇಡಿ. ಲೆನ್ಸಿಗೂ ಈಗಲೇ ದುಡ್ಡು ಸುರಿಯಬೇಡಿ. ನನ್ನ ಹತ್ತಿರ ಲೆನ್ಸೂ ಇತ್ತು, ಹಕ್ಕಿಯ ಫೋಟೋನೂ ಇತ್ತು. ಆದರೂ ನನ್ನ ದಾಖಲೆ ನಿಲ್ಲಲಿಲ್ಲ.

ಸೆಪ್ಟೆಂಬರ್ ಕೊನೆಯ ವಾರ, ಹೆಸರಘಟ್ಟದ ಹುಲ್ಲುಗಾವಲು. ಮೋಡ ಕವಿದು ಸಣ್ಣಗೆ ಹನಿಯುತ್ತಿತ್ತು. ದನ ಮೇಯಿಸುತ್ತಿದ್ದ ಯಜಮಾನರೊಬ್ಬರು ನನ್ನ ಕ್ಯಾಮೆರಾ ನೋಡಿ, “ಆ ಜಾಲಿ ಗಿಡದ ತುದೀಲಿ ಮೂರು ದಿನದಿಂದ ಒಂದು ನೀಲಿ ಹಕ್ಕಿ ಕೂರ್ತಾ ಐತೆ, ನೋಡಿ ಸಾರ್” ಅಂದರು. ನೀಲಕಂಠ ಇರಬೇಕು ಅಂದುಕೊಂಡೆ. ನಮ್ಮ ರಾಜ್ಯ ಪಕ್ಷಿ, ಆ ಕಡೆ ಕರೆಂಟ್ ತಂತಿ ಮೇಲೆ ಆಗಾಗ ಕಾಣುತ್ತದೆ. ಆದರೂ ಹೋಗಿ ನೋಡಿದೆ. ಹಿಂದೆ ಬೆಳ್ಳಗಿನ ಮೋಡ, ಮುಂದೆ ಹಕ್ಕಿ ಬರೀ ಕಪ್ಪು ನೆರಳಿನ ಹಾಗೆ. ಏಳೆಂಟು ಫೋಟೋ ತೆಗೆದೆ. ಅಷ್ಟರಲ್ಲಿ ಅದು ಹಾರಿ ಹುಲ್ಲಿಗಿಳಿದು ಮಿಡತೆ ಹಿಡಿದು ಆಚೆ ದಿಣ್ಣೆ ದಾಟಿ ಹೋಯಿತು. ಹೆಚ್ಚೆಂದರೆ ನಾಲ್ಕು ಸೆಕೆಂಡು.

ನಮ್ಮ ನೀಲಕಂಠ ಹಾರಿದರೆ ಗೊತ್ತಲ್ಲ, ರೆಕ್ಕೆಯ ಕಡುನೀಲಿಯ ನಡುವೆ ತಿಳಿನೀಲಿ ಪಟ್ಟೆ ಫಳಕ್ಕನೆ ಹೊಳೆಯುತ್ತದೆ. ಇದರಲ್ಲಿ ಆ ಪಟ್ಟೆ ಇರಲಿಲ್ಲ. ರೆಕ್ಕೆಯ ಮುಂಭಾಗ ನೀಲಿ, ಹಿಂದಿನ ಉದ್ದ ಗರಿಗಳೆಲ್ಲ ಕಪ್ಪು. ಎದೆ ಧಸಕ್ಕೆಂದಿತು. ಯುರೋಪಿಯನ್ ರೋಲರ್! ಮಧ್ಯ ಏಷ್ಯಾದ ಕಡೆಯಿಂದ ಆಫ್ರಿಕಾಕ್ಕೆ ಹೋಗುವ ದಾರಿಯಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನಮ್ಮ ದೇಶದ ಮೇಲೆ ಹಾದುಹೋಗುವ, ನೀಲಕಂಠದ ಬಳಗದ್ದೇ (ರೋಲರ್) ಹಕ್ಕಿ.

ನಾನು ಕೆಟ್ಟಿದ್ದು ಇಲ್ಲಿ. ನಿಂತಲ್ಲೇ ಬ್ಯಾಗಿನಿಂದ ಹಕ್ಕಿ ಪುಸ್ತಕ ತೆಗೆದೆ.

ಇದರಲ್ಲೇನು ತಪ್ಪು ಅನ್ನಿಸಬಹುದು. ಪುಸ್ತಕ ಇರುವುದೇ ನೋಡುವುದಕ್ಕೆ. ಆದರೆ ಆಗಿನ್ನೂ ನಾನು ಒಂದಕ್ಷರ ಬರೆದಿರಲಿಲ್ಲ. ಪುಟದಲ್ಲಿ ಬೆಳೆದ ಹಕ್ಕಿಯ ಚಿತ್ರ ಇತ್ತು, ತಲೆಯಿಂದ ಹೊಟ್ಟೆವರೆಗೆ ಒಂದೇ ಸಮ ತಿಳಿನೀಲಿ. “ಹೌದು ಹೌದು, ಇದೇ” ಅಂದೆ. ಆ ಗಳಿಗೆಯಲ್ಲಿ ನಾನು ಕಂಡ ಹಕ್ಕಿ ಹೋಯಿತು, ಅದರ ಜಾಗದಲ್ಲಿ ಪುಸ್ತಕದ ಹಕ್ಕಿ ಬಂದು ಕೂತಿತು. ನನಗೆ ಗೊತ್ತೇ ಆಗಲಿಲ್ಲ. ರಾತ್ರಿ ಮನೆಗೆ ಬಂದು ಟೈಪ್ ಮಾಡಿದೆ: “ತಲೆ, ಕತ್ತು, ಎದೆ ಎಲ್ಲ ಒಂದೇ ತಿಳಿನೀಲಿ. ರೆಕ್ಕೆಯ ಹಾರುಗರಿ ಕಪ್ಪು.” ಫೋಟೋ ಸೇರಿಸಿ ಕಳಿಸಿದೆ.

ಎರಡು ದಿನ ಬಿಟ್ಟು ದಾಖಲೆ ಪರಿಶೀಲಿಸುವವರಿಂದ ಮೇಲ್ ಬಂತು. ತುಂಬ ಮರ್ಯಾದೆಯಿಂದ ಬರೆದಿದ್ದರು. ನಿಮ್ಮ ಫೋಟೋವನ್ನು ಬೆಳಕು ಹೆಚ್ಚಿಸಿ ನೋಡಿದೆ, ಎದೆ ಕಂದು ಕಾಣುತ್ತದೆ, ಮೇಲೆ ಮಾಸಲು ಗೀರುಗಳಿವೆ. ನೀವು ಅಚ್ಚ ನೀಲಿ ಎಂದು ಬರೆದಿದ್ದೀರಿ, ಸ್ಥಳದಲ್ಲಿ ನೀವು ಕಂಡದ್ದು ಯಾವುದು?

ನಾನೂ ಬೆಳಕು ಹೆಚ್ಚಿಸಿ ನೋಡಿದೆ. ಅವರು ಹೇಳಿದ್ದು ಸರಿ. ಕಂದು ಎದೆ ನಮ್ಮ ನೀಲಕಂಠದ್ದು, ಆದರೆ ಯುರೋಪಿಯನ್ ರೋಲರ್‌ನ ಮರಿಹಕ್ಕಿಗೂ ಎದೆ ಮಂಕಾಗಿ, ಕಂದು ಗೀರಿನಿಂದ ಇರುತ್ತದೆ. ಹಾಗಾಗಿ ನಾನು ಹೇಳಿದ ಜಾತಿಯೇ ಇದ್ದಿರಬಹುದು. ಆದರೆ ನಾನು ಬರೆದ ಎದೆ ನಾನು ನೋಡಿದ ಎದೆಯಲ್ಲ. ಎದೆ ಪುಸ್ತಕದಿಂದ ಬಂದಿದ್ದರೆ ರೆಕ್ಕೆ ಎಲ್ಲಿಂದ ಬಂತು? ಪುಸ್ತಕ ತೆಗೆಯುವ ಮೊದಲೇ ಕಪ್ಪು ಗರಿ ಕಂಡಿದ್ದೆ ಅಂತ ನನಗೆ ನಂಬಿಕೆ ಇದೆ. ಆದರೆ ಇವತ್ತು ಕಣ್ಣು ಮುಚ್ಚಿದರೆ ಆ ರೆಕ್ಕೆ ಪುಸ್ತಕದಲ್ಲಿ ಬಿಡಿಸಿರುವ ಭಂಗಿಯಲ್ಲೇ ಕಾಣುತ್ತದೆ. ಇಂಥ ಸಾಕ್ಷಿಯನ್ನು ಯಾರು ನಂಬಬೇಕು? ವಿವರಣೆ ತಿದ್ದಿ ಕಳಿಸಬಹುದಿತ್ತು, ಮನಸ್ಸು ಬರಲಿಲ್ಲ. ರೋಲರ್, ಜಾತಿ ಖಚಿತವಿಲ್ಲ ಅಂತ ನಾನೇ ಬದಲಿಸಿದೆ. ಈಗಲೂ ಹಾಗೇ ಇದೆ. ಯಜಮಾನರು ಹೇಳಿದ “ಮೂರು ದಿನದಿಂದ” ಅನ್ನೋ ಮಾತನ್ನೂ ಬರೆದಿರಲಿಲ್ಲ. ಬರೆದು ಅವತ್ತೇ ನಾಲ್ಕು ಜನಕ್ಕೆ ಹೇಳಿದ್ದರೆ ಮಾರನೇ ದಿನ ಯಾರಾದರೂ ಹೋಗಿ ನೋಡುತ್ತಿದ್ದರು.

ಆದ್ದರಿಂದ ನನ್ನ ಮಾತು ಖಂಡಿತ: ಮೊದಲು ಬರೆಯಿರಿ, ಆಮೇಲೆ ಪುಸ್ತಕ. ಫೋನಿನಲ್ಲಿರುವ, ಹಕ್ಕಿ ಗುರುತಿಸಲು ನೆರವಾಗುವ ಮರ್ಲಿನ್ ಆ್ಯಪ್‌ಗೂ ಇದೇ ಮಾತು, ಅದು ಚಿತ್ರವನ್ನು ಇನ್ನೂ ಬೇಗ ಕಣ್ಣೆದುರು ತಂದಿಡುತ್ತದೆ. ಈಗ ನನ್ನ ಜೇಬಿನಲ್ಲಿ ದಿನಸಿ ಅಂಗಡಿಯಲ್ಲಿ ಲೆಕ್ಕ ಬರೆಯುವಂಥ ಚಿಕ್ಕ ಪುಸ್ತಕ, ಒಂದು ಪೆನ್ಸಿಲ್ ಇರುತ್ತದೆ. ಪೆನ್ನಾದರೆ ಹನಿ ಬಿದ್ದರೆ ಕಲೆಸಿಹೋಗುತ್ತದೆ. ಹೋದ ಚಳಿಗಾಲದ ಒಂದು ಪುಟ ಹೀಗಿದೆ: “ಜಕ್ಕೂರು, 7.10. ಬಿಸಿಲು ನನ್ನ ಬೆನ್ನಿಗೆ. ಸುಮಾರು 30 ಮೀಟರ್. ಗೊರವಕ್ಕಿಗಿಂತ ಚಿಕ್ಕದು. ಕಾಲು ಹಳದಿಯೋ ಕೆಸರೋ ತಿಳಿಯಲಿಲ್ಲ. ಬಾಲ ಕಾಣಲಿಲ್ಲ.” ಆ ಹಕ್ಕಿ ಯಾವುದೆಂದು ನನಗೆ ಇನ್ನೂ ಗೊತ್ತಿಲ್ಲ, ಆದರೆ ಪುಟದಲ್ಲಿರುವುದೆಲ್ಲ ನಾನು ಕಂಡದ್ದೇ.

ಫೋಟೋ ಇಲ್ಲದಿದ್ದರೆ ದಾಖಲೆಯೇ ಅಲ್ಲ ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಡಿಜಿಟಲ್ ಕ್ಯಾಮೆರಾ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ನಮ್ಮ ಬೆಂಗಳೂರಿನಲ್ಲಿ ಜನ ಬೈನಾಕ್ಯುಲರ್, ನೋಟ್‌ಬುಕ್ ಹಿಡಿದು ಕೆರೆ ಸುತ್ತಿದ್ದಾರೆ. ತಿಂಗಳ ಎರಡನೇ ಭಾನುವಾರ ಹಕ್ಕಿ ನೋಡುವವರು ನಡೆಸುವ ಲಾಲ್‌ಬಾಗ್ ನಡಿಗೆಗೆ ಒಮ್ಮೆ ಬನ್ನಿ, ಹಿರಿಯರು ಹಕ್ಕಿಯನ್ನು ಮಾತಿನಲ್ಲೇ ಹೇಗೆ ಕಟ್ಟಿಕೊಡುತ್ತಾರೆ ಕೇಳಿ. ಇನ್ನು ಜನ ನಗುತ್ತಾರೆ ಅನ್ನುವ ನಿಮ್ಮ ಭಯ. ಪರಿಶೀಲಿಸುವವರು ಪ್ರಶ್ನೆ ಕೇಳಿದರೆ ಅದು ಅವಮಾನವಲ್ಲ, ದೃಢಪಟ್ಟಿಲ್ಲ ಅಂದರೆ ನೀವು ಸುಳ್ಳು ಹೇಳಿದಿರಿ ಅಂತಲೂ ಅಲ್ಲ. ಒಂದೇ ಒಂದು ಸಂದರ್ಭದಲ್ಲಿ ಸುಮ್ಮನಿರಿ ಅನ್ನುತ್ತೇನೆ: ಗೂಡು ಅಥವಾ ಹಗಲು ಮಲಗುವ ಗೂಬೆ ಕಂಡಾಗ. ಅದರ ಲೊಕೇಶನ್ ವಾಟ್ಸ್ಆ್ಯಪ್ ಗುಂಪಿಗೆ ಹೋದರೆ ಭಾನುವಾರ ಮರದ ಕೆಳಗೆ ಇಪ್ಪತ್ತು ಟ್ರೈಪಾಡ್ ನಿಲ್ಲುತ್ತವೆ.

ನಿಮ್ಮ ಫ್ಯಾಲರೋಪ್ ವಿಷಯಕ್ಕೆ ಬರುತ್ತೇನೆ. “ನೀರಿನ ಮೇಲೆ ಬುಗುರಿ ಹಾಗೆ ಗಿರಗಿರ ಸುತ್ತುತ್ತಾ ಏನೋ ಕುಟುಕುತ್ತಿತ್ತು” ಅಂತ ಪ್ರಶ್ನೆಯಲ್ಲೇ ಬರೆದಿದ್ದೀರಿ. ಆ ಒಂದು ಸಾಲು ಮಬ್ಬು ಫೋಟೋಗಿಂತ ಹೆಚ್ಚು ಬೆಲೆಯದು. ಹಾಗೆ ತಿರುಗಿ ನೀರು ಕದಡಿ ಹುಳು ಮೇಲೆ ಬರಿಸುವುದು ಫ್ಯಾಲರೋಪ್‌ಗಳ ಕಸುಬು. ಆದರೆ ರೆಡ್ ಫ್ಯಾಲರೋಪ್ ಕೂಡ ಹಾಗೇ ಸುತ್ತುತ್ತದೆ. ಅದರ ಕೊಕ್ಕು ದಪ್ಪ, ಚಳಿಗಾಲದಲ್ಲಿ ಬೆನ್ನು ಗೀರಿಲ್ಲದ ಬೂದು. ನಿಮ್ಮದಕ್ಕೆ ಸೂಜಿಯಂಥ ಕೊಕ್ಕು, ಬೆನ್ನ ಮೇಲೆ ಗೀರು ಇರಬೇಕು. ಇದನ್ನು ನಾನು ಹೇಳಿಬಿಟ್ಟೆ, ಹಾಗಾಗಿ ಈಗ ನಿಮ್ಮ ನೆನಪೂ ಕಲಬೆರಕೆ ಆಯಿತು. ನನ್ನ ಉತ್ತರ ಓದುವ ಮೊದಲು ಏನು ನೆನಪಿತ್ತೋ ಅದನ್ನು ಬೇರೆಯಾಗಿ, ಓದಿದ ಮೇಲೆ ಹೊಳೆದದ್ದನ್ನು ಬೇರೆಯಾಗಿ ಇವತ್ತು ರಾತ್ರಿಯೇ ಬರೆದು ಇ-ಬರ್ಡ್‌ಗೆ ಕಳಿಸಿ. ದೂರ ಎಷ್ಟು, ಬೆಳಕು ಯಾವ ಕಡೆಯಿಂದ, ಎಷ್ಟು ಹೊತ್ತು ನೋಡಿದಿರಿ ಅನ್ನುವುದನ್ನೂ ಸೇರಿಸಿ. ಕೊಕ್ಕು ಗಮನಿಸಿರಲಿಲ್ಲವಾದರೆ “ಕೊಕ್ಕು ಗಮನಿಸಲಿಲ್ಲ” ಅಂತಲೇ ಬರೆಯಿರಿ.