ಪಾದ್ರಿಯಾಗಿದ್ದ ಸಾಲ್ಟ್ಸ್‌ಮಾನ್ ಚರ್ಚಿನ ಸೇವೆ ಬಿಟ್ಟು ಶಾಲೆಯ ನಿರ್ದೇಶಕರಾದದ್ದೇಕೆ?

ಜನರ ಸಂಕಟಕ್ಕೆ ತಪ್ಪಾದ ಶಿಕ್ಷಣವೇ ಮೂಲವೆಂದೂ ಅದನ್ನು ಚರ್ಚಿನ ಉಪದೇಶಕ್ಕಿಂತ ಬಾಲ್ಯದ ಸರಿಯಾದ ಶಿಕ್ಷಣದಿಂದಲೇ ಚೆನ್ನಾಗಿ ತಡೆಯಬಹುದೆಂದೂ ಅವರಿಗೆ ಮನವರಿಕೆಯಾದದ್ದೇ ಕಾರಣ. ಜರ್ಮನಿಯ ರೋರ್‌ಬಾರ್ನ್ ಹಳ್ಳಿಯಲ್ಲಿಯೂ ಬಳಿಕ ಎರ್ಫುರ್ಟ್ ನಗರದಲ್ಲಿಯೂ ಲೂಥರನ್ ಪಾದ್ರಿಯಾಗಿ ಬಡಕುಟುಂಬಗಳನ್ನು ಹತ್ತಿರದಿಂದ ಕಂಡಿದ್ದ ಕ್ರಿಶ್ಚಿಯನ್ ಗೊಟ್‌ಹಿಲ್ಫ್ ಸಾಲ್ಟ್ಸ್‌ಮಾನ್ (1744–1811), 1781ರಲ್ಲಿ ಡೆಸ್ಸೌ ನಗರದ ಸುಧಾರಣಾವಾದಿ ಶಾಲೆಯನ್ನು ಸೇರಿ, 1784ರಲ್ಲಿ ಗೋಥಾದ ಡ್ಯೂಕನ ನೆರವಿನಿಂದ ಶ್ನೆಪ್ಫೆಂಟಾಲ್‌ನಲ್ಲಿ ತಮ್ಮದೇ ವಸತಿಶಾಲೆಯನ್ನು ತೆರೆದರು.

ವಿದ್ಯಾರ್ಥಿಯ ದೋಷಕ್ಕೆ ಕಾರಣವನ್ನು ಶಿಕ್ಷಕನು ಮೊದಲು ತನ್ನಲ್ಲೇ ಹುಡುಕಬೇಕೆಂಬುದು ಅವರ ನಿಯಮವಾಗಿತ್ತು. ನನ್ನ ದೃಷ್ಟಿಯಲ್ಲಿ ಅವರ ಅತ್ಯಂತ ದಿಟ್ಟ ವಿಚಾರ ಇದೇ. ಅವರ ಶಾಲೆಯಲ್ಲಿ ಬಾಯಿಪಾಠಕ್ಕಿಂತ ತೋಟಗಾರಿಕೆ, ಕೈಕಸುಬು, ಕಾಲ್ನಡಿಗೆಯ ಪ್ರವಾಸ ಹಾಗೂ ಅಲ್ಲಿನ ಶಿಕ್ಷಕ ಗುಟ್ಸ್‌ಮುಟ್ಸ್ ರೂಪಿಸಿದ ವ್ಯಾಯಾಮಕ್ಕೆ ಹೆಚ್ಚಿನ ಸ್ಥಾನವಿತ್ತು. ಮುಂದೆ ಭೂಗೋಳಶಾಸ್ತ್ರಜ್ಞರಾಗಿ ಹೆಸರಾದ ಕಾರ್ಲ್ ರಿಟ್ಟರ್ ಅಲ್ಲಿನ ಮೊದಲ ವಿದ್ಯಾರ್ಥಿಗಳಲ್ಲೊಬ್ಬರು.